ಬಾಗಿಲಿನ ಭಾರ

ಮನುಷ್ಯನಿಗೆ ವಯಸ್ಸಾದಂತೆ ಮೊಳಕಾಲು ನುಡಿಯತೊಡಗುತ್ತದೆ. ಮೋಟಾರಿಗೆ ವಯಸ್ಸಾದಂತೆ ಬಾಗಿಲು ನುಡಿಯತೊಡಗುತ್ತದೆ. ಮೊದಮೊದಲು ಈ ಎರಡು ಧ್ವನಿಗಳಿಗೂ ಮನೆಯವರು ಕಿವಿಗೊಡುವುದಿಲ್ಲ. ಕಿವಿಗೊಡುವ ಹೊತ್ತಿಗೆ ನೋವು ಹಳೆಯದಾಗಿರುತ್ತದೆ.

ಹುಕ್ಕೇರಿಯ ನಿವೃತ್ತ ಗಣಿತದ ಮಾಸ್ತರರೊಬ್ಬರ ಮನೆಯಲ್ಲಿ 1968ರ ಒಂದು ಅಂಬಾಸಿಡರ್ ಕಾರು ಇದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಆಧರಿಸಿ, ಬಂಗಾಲದ ಉತ್ತರಪಾಡಾದ ಕಾರಖಾನೆಯಲ್ಲಿ ತಯಾರಾಗುತ್ತಿದ್ದ ಕಾರು ಅದು. 2014ರಲ್ಲಿ ಆ ತಯಾರಿಕೆಯೂ ನಿಂತುಹೋಯಿತು. ಮಾಸ್ತರರ ತಂದೆ ಕೊಂಡ ಈ ಗಾಡಿಯನ್ನು ಮಾರಿಬಿಡೆಂದು ಹೇಳಿದವರು ಅನೇಕರು. ಮಾಸ್ತರರು ಮಾರಲಿಲ್ಲ. ಅವರ ತಾಯಿ ಇಪ್ಪತ್ತೆಂಟರ ಪ್ರಾಯದಲ್ಲಿ ಅದರ ಮುಂದಿನ ಎಡ ಆಸನದಲ್ಲಿ ಮೊದಲ ಸಲ ಕುಳಿತವರು. ಈಗ ಎಂಬತ್ತನ್ನು ದಾಟಿದ್ದರೂ ಅವರ ಜಾಗ ಬದಲಾಗಿಲ್ಲ.

ಕೆಟ್ಟಿದ್ದು ಆ ಎಡಬಾಗಿಲೇ. ತೆರೆದೊಡನೆ ಹಿಂದಿನ ಅಂಚು ಕೆಳಗೆ ಇಳಿಯುತ್ತಿತ್ತು; ಮುಚ್ಚುವಾಗ ಕೈಯಿಂದ ಎತ್ತಿ ಧಡ್ಡೆಂದು ಬಡಿಯಬೇಕಾಗುತ್ತಿತ್ತು. ಮಾಸ್ತರರು ಮೊದಲು ಸುಲಭದ ಉಪಾಯವೊಂದನ್ನು ಮಾಡಿದರು: ಕಂಬದ ಮೇಲಿನ ಚಿಲಕದ ಪಟ್ಟಿಯ ಸ್ಕ್ರೂ ಸಡಿಲಿಸಿ, ಪಟ್ಟಿಯನ್ನೇ ಬಾಗಿಲಿನ ಮಟ್ಟಕ್ಕೆ ಇಳಿಸಿದರು. ಬಾಗಿಲು ಕೂತಿತು. ಆದರೆ ಮಳೆಗಾಲದಲ್ಲಿ ಮೇಲಿನ ಸಂದಿನಿಂದ ತಾಯಿಯ ತೊಡೆಯ ಮೇಲೆ ನೀರು ತೊಟ್ಟಿಕ್ಕಿತು. ತಪ್ಪಿಗೆ ತಕ್ಕಂತೆ ಉತ್ತರವನ್ನೇ ತಿದ್ದಿದ ವಿದ್ಯಾರ್ಥಿಯ ಪಾಡು ಮಾಸ್ತರರದಾಯಿತು.

ಆಗ ಅವರು ಕಾಗದ, ಪೆನ್ಸಿಲು ಹಿಡಿದರು. ಬಾಗಿಲಿನ ತೂಕ 20 ಕಿಲೋ. ಆ ತೂಕದ ಮಧ್ಯಬಿಂದು ಬಿಜಾಗರಿಗಳಿಂದ ಅರ್ಧ ಮೀಟರು ದೂರ. ಮೇಲಿನ ಮತ್ತು ಕೆಳಗಿನ ಬಿಜಾಗರಿಗಳ ನಡುವಿನ ಅಂತರ 40 ಸೆಂಟಿಮೀಟರು ಎಂದಿಟ್ಟುಕೊಂಡರೆ, ಮೇಲಿನ ಬಿಜಾಗರಿಯನ್ನು ಬಾಗಿಲು ಸದಾ 25 ಕಿಲೋ ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಇನ್ನು ಇಳಿಯುವವರು ಮೀಟರು ದೂರದ ಅಂಚಿಗೆ ಕೈಯೂರಿ 30 ಕಿಲೋ ಭಾರ ಹಾಕಿದರೆ, ಆ ಎಳೆತ 75 ಕಿಲೋ ಹೆಚ್ಚಿ ನೂರಕ್ಕೆ ಮುಟ್ಟುತ್ತದೆ. ಎರಡೂ ಬಿಜಾಗರಿಗಳಲ್ಲಿ ಅರ್ಧರ್ಧ ಮಿಲಿಮೀಟರು ಸವೆದರೆ ಸಾಕು, ಬಾಗಿಲಿನ ತುದಿ ಎರಡೂವರೆ ಮಿಲಿಮೀಟರು ಇಳಿಯುತ್ತದೆ.

ಲೆಕ್ಕ ಸರಿಯಾಗಿತ್ತು. ಅದನ್ನು ತಾಯಿಯ ಮುಂದೆ ಓದಿ ತೋರಿಸಿದ್ದು ಮಾತ್ರ ಸರಿಯಾಗಲಿಲ್ಲ.

"ಅವ್ವಾ, ನೀ ಇಳಿಯೂ ಮುಂದ ಬಾಗಲಾ ಹಿಡದು ಜೋತು ಬೀಳತೀದಿ. ಅದಕ್ಕ ಬಿಜಾಗರಿ ಸವದಾವ," ಎಂದರು ಮಾಸ್ತರರು.

ತಾಯಿ ಏನೂ ಅನ್ನಲಿಲ್ಲ. ಆದರೆ ಮೂಡಲಗಿಯಲ್ಲಿರುವ ಮಗಳ ಮನೆಯಿಂದ ಮರಿಮಗುವಿನ ತೊಟ್ಟಿಲ ಕಾರ್ಯಕ್ಕೆ ಕರೆ ಬಂದಾಗ, "ನೀವು ಹೋಗಿ ಬರ್ರಿ. ನನಗ ಇನ್ನ ತಿರಗ್ಯಾಟ ಸಾಕಾಗೇತಿ," ಎಂದುಬಿಟ್ಟರು. ಸೊಸೆ ಎರಡು ಸಲ ಕೇಳಿದರು, ಉತ್ತರ ಬದಲಾಗಲಿಲ್ಲ. ಮಾಸ್ತರರು ಮುದುಕಿಗೆ ಹಟವೆಂದುಕೊಂಡರು.

ಅವರು ಗಾಡಿಯನ್ನು ಗೋಕಾಕಕ್ಕೆ ಒಯ್ದರು. ಘಟಪ್ರಭೆಯ ಧುಮುಕುವ ನೀರಿನಿಂದ 1887ರಲ್ಲಿಯೇ ಯಂತ್ರಗಳನ್ನು ತಿರುಗಿಸಿದ ಪ್ರದೇಶವದು. ಅಲ್ಲಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ, ಲೇತಿನ ಮುಂದೆ ಕುಳಿತ ವೃದ್ಧ ಮಿಸ್ತ್ರಿ ಬಾಗಿಲನ್ನು ಅರ್ಧ ತೆರೆದು, ಅಂಚಿಗೆ ಕೈಕೊಟ್ಟು ಮೆಲ್ಲಗೆ ಮೇಲಕ್ಕೆತ್ತಿದನು. ಬಾಗಿಲು ಎದ್ದಿತು, ಕಂಬ ಅಲುಗಲಿಲ್ಲ. ಮೇಲಿನ ಬಿಜಾಗರಿಯ ಪಿನ್ನು ಮಾತ್ರ ತನ್ನ ಮನೆಯಲ್ಲಿ ಆಡಿತು. ಅಷ್ಟರಿಂದಲೇ ರೋಗ ತಿಳಿಯಿತು. ಕಂಬವೇ ಅಲುಗಿದ್ದರೆ ತುಕ್ಕು ಒಳಗೆ ಸೇರಿದೆಯೆಂದು ಅರ್ಥ; ಅದು ಬೇರೆ ಚಿಕಿತ್ಸೆ.

ಕೆಲವರು ಬಿಜಾಗರಿಯ ಸಂದಿಗೆ ಕಟ್ಟಿಗೆಯ ತುಂಡು ಕೊಟ್ಟು, ಬಾಗಿಲನ್ನು ಒತ್ತಿ ಬಗ್ಗಿಸಿ ಮೇಲೆತ್ತುವುದುಂಟು. ಆ ಕ್ಷಣಕ್ಕೆ ಬಾಗಿಲು ನೆಟ್ಟಗಾಗುತ್ತದೆ. ಸವೆದ ಪಿನ್ನು ಸವೆದೇ ಇರುತ್ತದೆ. ಮಿಸ್ತ್ರಿ ಆ ದಾರಿ ಹಿಡಿಯಲಿಲ್ಲ. ಮೊದಲು ಬಿಜಾಗರಿಗಳು ಕೂತ ಜಾಗದ ಸುತ್ತ ಮೊಳೆಯ ತುದಿಯಿಂದ ಗೆರೆ ಕೊರೆದನು. ಬಾಗಿಲಿನ ಕೆಳಗೆ ಜ್ಯಾಕಿಟ್ಟು, ಮೇಲೆ ಹಲಗೆ, ಗೋಣಿತಟ್ಟು ಹಾಸಿ ಭಾರವನ್ನು ಅದಕ್ಕೆ ವಹಿಸಿದನು. ಆಮೇಲೆಯೇ ಸ್ಕ್ರೂಗಳಿಗೆ ಕೈ ಹಚ್ಚಿದನು. ತುಕ್ಕು ಹಿಡಿದ ಪಿನ್ನುಗಳಿಗೆ ಎಣ್ಣೆಯೂಡಿಸಿ, ರಾತ್ರಿಯೆಲ್ಲ ನೆನೆಯಬಿಟ್ಟು, ಮರುದಿನ ಹೊಡೆದು ತೆಗೆದನು. ದುಂಡಗಿರಬೇಕಾದ ತೂತು ಅಕ್ಕಿಕಾಳಿನಂತೆ ಉದ್ದವಾಗಿತ್ತು. ಅದನ್ನು ಕೊರೆದು ಮತ್ತೆ ದುಂಡಾಗಿಸಿ, ಒಳಗೆ ಹಿತ್ತಾಳೆಯ ಬುಶ್ಶು ಒತ್ತಿ ಕೂರಿಸಿ, ಅದಕ್ಕೊಪ್ಪುವ ಉಕ್ಕಿನ ಪಿನ್ನನ್ನು ಲೇತಿನಲ್ಲಿ ಕಡೆದನು.

"ಬುಶ್ಶು ಮೆತ್ತಗಿರಬೇಕ್ರಿ ಮಾಸ್ತರ. ಎರಡರಾಗ ಒಂದು ಸವೀಲೇಬೇಕಂದ್ರ, ಬದಲಿ ಮಾಡಾಕ ಬರೂದು ಸವೀಬೇಕು," ಎಂದನು.

ಮಾಸ್ತರರು ತಮ್ಮ ಲೆಕ್ಕದ ಕಾಗದವನ್ನು ತೆಗೆದು, ತಾಯಿ ಬಾಗಿಲಿಗೆ ಭಾರ ಹಾಕುವ ಸಂಗತಿಯನ್ನು ವಿವರಿಸಿದರು. ಮಿಸ್ತ್ರಿ ಕೈಯೊರಸಿಕೊಂಡು ಗಾಡಿಯ ಒಳಗೆ ಇಣುಕಿದನು.

"ಹಂಗಾರ ಅವರು ಹಿಡಕೊಳ್ಳಾಕ ಇದರಾಗ ಮತ್ತೇನೈತ್ರಿ?"

ಮಾಸ್ತರರೂ ಇಣುಕಿದರು. ಅತ್ತ ಗಾಜು, ಇತ್ತ ನುಣುಪಾದ ತಗಡು, ಕೆಳಗೆ ತಗ್ಗಾದ ಆಸನ. ಮೊಳಕಾಲು ಸೋತವರು ಮೇಲೇಳುವಾಗ ಕೈಗೆಟಕುವಂಥದು ಬಾಗಿಲೊಂದೇ. ಅವರು ಆ ಆಸನದಲ್ಲಿ ಕುಳಿತು, ಏನನ್ನೂ ಹಿಡಿಯದೆ ಏಳಲು ನೋಡಿದರು. ಅರವತ್ತು ದಾಟಿದ ಅವರಿಗೂ ಅದು ಸುಲಭವಾಗಲಿಲ್ಲ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮಿಸ್ತ್ರಿ ಕಂಬದ ಒಳಭಾಗಕ್ಕೆ ಒಂದು ದಪ್ಪ ಉಕ್ಕಿನ ಪಟ್ಟಿಯನ್ನು ಆಧಾರವಾಗಿ ಕೊಟ್ಟು, ಅದರ ಮೇಲೆ ಗಟ್ಟಿಯಾದ ಹಿಡಿಯೊಂದನ್ನು ಬಿಗಿದನು. ಬಾಗಿಲನ್ನು ಮತ್ತೆ ತೂಗುಹಾಕುವಾಗ ಕೊರೆದ ಗೆರೆಗಳಿಗೆ ಸರಿಯಾಗಿ ಬಿಜಾಗರಿಗಳನ್ನು ಕೂರಿಸಿ, ಸುತ್ತಲಿನ ಸಂದು ಸಮವಾಗುವವರೆಗೆ ಹೊಂದಿಸಿ, ಎಲ್ಲಕ್ಕೂ ಕೊನೆಗೆ ಚಿಲಕದ ಪಟ್ಟಿಯನ್ನು ಅದರ ಹಳೆಯ ಜಾಗಕ್ಕೇರಿಸಿದನು. ಪಿನ್ನಿಗೆ ಆಗಾಗ ಎರಡು ಹನಿ ಎಣ್ಣೆ ಬಿಡುತ್ತಿರಬೇಕೆಂದು ಹೇಳಿ ಕಳುಹಿಸಿದನು.

ಮಾಸ್ತರರು ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡು ಹುಕ್ಕೇರಿಗೆ ಮರಳಿದರು. ತಾಯಿಗೆ ಲೆಕ್ಕವನ್ನು ಓದಲಿಲ್ಲ. ಕೈಹಿಡಿದು ಅಂಗಳಕ್ಕೆ ಕರೆತಂದು ಹಿಡಿಯನ್ನು ತೋರಿಸಿದರು.

"ತಪ್ಪು ನಂದೈತೆವ್ವಾ. ಇದನ್ನ ಯಾವಾಗೋ ಹಾಕಸಬೇಕಾಗಿತ್ತು."

ತಾಯಿ ಹಿಡಿಯನ್ನು ಒಮ್ಮೆ ಜಗ್ಗಿ ನೋಡಿದರು. "ಮೂಡಲಗಿಗೆ ಎಂದ ಹೋಗೂದು?" ಎಂದು ಕೇಳಿದರು.

ಹೊರಡುವ ದಿನ ಅವರು ತಮ್ಮ ಜಾಗದಲ್ಲಿ ಕುಳಿತರು. ಮಗ ಬಾಗಿಲನ್ನು ನೂಕಿದ. ಅದು ಸಣ್ಣದೊಂದು ಸಪ್ಪಳದೊಡನೆ ಕೂಡಿಕೊಂಡಿತು. ಧಡ್ಡೆನ್ನುವ ಸದ್ದಿಗೆ ಕಾದಿದ್ದ ತಾಯಿ ತಿರುಗಿ ನೋಡಿದರು.

"ಬಾಗಲಾ ಹಾಕೀಯೇನೋ ತಮ್ಮಾ?"

"ಹಾಕೇನವ್ವಾ," ಎಂದು ಮಾಸ್ತರರು ಗಾಡಿಯನ್ನು ಚಾಲೂ ಮಾಡಿದರು.