ಅಚೌರ್ಯಾಣುವ್ರತ ಮತ್ತು ಒಂದು ಛಾಯಾಚಿತ್ರ

ನಲವತ್ತು ವರ್ಷ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡಿದವನು ನಾನು. ತೂಕದಲ್ಲಿ ಯಾರನ್ನೂ ವಂಚಿಸಿಲ್ಲವೆಂಬ ಸಮಾಧಾನ ನನಗಿತ್ತು. ಅದನ್ನು ಕದಲಿಸಿದುದು ಕಡಲತೀರದ ಒಂದು ಚಿಕ್ಕ ಘಟನೆ.

ಗೇರುಸೊಪ್ಪೆಯ ಚತುರ್ಮುಖ ಬಸದಿಯ ದರ್ಶನ ಮುಗಿಸಿ ಮೊಮ್ಮಗನೊಡನೆ ಕಾರವಾರಕ್ಕೆ ಹೊರಟಿದ್ದೆ. ಊರು ಇನ್ನೂ ದೂರವಿರುವಾಗಲೇ, 2005ರಲ್ಲಿ ಆರಂಭವಾದ ನೌಕಾನೆಲೆ ಐ.ಎನ್.ಎಸ್. ಕದಂಬದ ಬಳಿ, ಸಮುದ್ರದ ಮೇಲೆ ನಾಲ್ಕಾರು ಪ್ಯಾರಾಚೂಟುಗಳು ಇಳಿಯುತ್ತಿದ್ದವು. ನೀರು ಮುಟ್ಟಿದೊಡನೆ ಯೋಧನು ಪಟ್ಟಿಗಳನ್ನು ಕಳಚಿಕೊಳ್ಳಬೇಕು. ತಡವಾದರೆ ಗಾಳಿ ತುಂಬಿದ ಬಟ್ಟೆ ಅವನನ್ನು ಎಳೆದೊಯ್ಯುತ್ತದೆ. ಅದಕ್ಕೆಂದೇ ದೋಣಿಗಳು ಕಾದಿದ್ದವು. ‘ಛಾಯಾಚಿತ್ರ ನಿಷೇಧಿಸಿದೆ’ ಎಂಬ ಫಲಕವನ್ನು ಓದಿಯೂ ನಾನು ಮೊಬೈಲಿನಲ್ಲಿ ಚಿತ್ರ ತೆಗೆದು ಬಂಧುಗಳಿಗೆಲ್ಲ ಕಳುಹಿಸಿದೆ.

“ಅಜ್ಜ, ಫಲಕ ನೋಡಲಿಲ್ಲವೇ?” ಎಂದ ಮೊಮ್ಮಗ.

“ನಾನೇನು ಕದ್ದೆನೇ?” ಎಂದು ನಕ್ಕೆ.

ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಆ ನಗೆ ಉಳಿಯಲಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯ ಹೇಳುತ್ತದೆ. ಹಾಗಾದರೆ ಬೀದಿಯಲ್ಲಿ ನಡೆಯುವ ಮುನಿಗೂ ಈ ದೋಷ ತಗಲುವುದೇ ಎಂಬ ಪ್ರಶ್ನೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿ, ಬೀದಿ ಎಲ್ಲರಿಗೂ ತೆರೆದುದು, ಆದುದರಿಂದ ದೋಷವಿಲ್ಲ. ಮುಚ್ಚಿದ ಬಾಗಿಲನ್ನು ಮುನಿ ಪ್ರವೇಶಿಸುವುದಿಲ್ಲ ಎಂದು ಸಮಾಧಾನ ಹೇಳಿದ್ದಾರೆ. ಹೆದ್ದಾರಿಯಿಂದ ಕಂಡುದನ್ನು ಕಣ್ಣು ನೋಡಿದುದು ಬೀದಿಯಲ್ಲಿ ನಡೆದಂತೆ. ಫಲಕವು ಮುಚ್ಚಿದ ಬಾಗಿಲು. ನಾನು ಅದನ್ನು ತೆರೆದೆ.

ಈ ವ್ರತದ ಐದು ಅತಿಚಾರಗಳಲ್ಲಿ ಕಳ್ಳತೂಕ ಮತ್ತು ಕಲಬೆರಕೆಗಳನ್ನು ಅಂಗಡಿಯಲ್ಲಿ ಸದಾ ಎಚ್ಚರದಿಂದ ಕಾದೆ. ನಡುವಿನದಾದ ವಿರುದ್ಧರಾಜ್ಯಾತಿಕ್ರಮ, ಎಂದರೆ ರಾಜ್ಯದ ಕಟ್ಟಳೆಯನ್ನು ಮೀರುವುದು, ನನಗೆ ಸಂಬಂಧಿಸಿದುದಲ್ಲವೆಂದೇ ಭಾವಿಸಿದ್ದೆ. ನಕ್ಷೆಯೆಂಬ ಮಾತಿನಲ್ಲಿ ಛಾಯಾಚಿತ್ರವೂ ಸೇರುತ್ತದೆಂದು 1923ರ ಅಧಿಕೃತ ರಹಸ್ಯ ಕಾಯ್ದೆ ಸ್ಪಷ್ಟವಾಗಿ ಹೇಳಿದೆ.

ಉಪಗ್ರಹಗಳು ಎಲ್ಲವನ್ನೂ ಕಾಣುವ ಈ ಕಾಲದಲ್ಲಿ ಒಬ್ಬ ಮುದುಕನ ಚಿತ್ರದಿಂದ ಏನು ಹಾನಿ ಎಂದು ಕೇಳಬಹುದು. ಒಂದು ಚಿಟಿಕೆ ಕಡಿಮೆ ತೂಗುವವನ ವಾದವೂ ಇದೇ. ಇಳಿಯುವ ಸ್ಥಳ, ವೇಳೆ, ಹಿಂದಿನ ಹಡಗು ಎಲ್ಲವೂ ಆ ಚಿತ್ರದಲ್ಲಿದ್ದವು. ಆಕಾಶದಲ್ಲಿ ತೂಗಾಡುವ ಯೋಧನಿಗೆ ಆ ಕ್ಷಣದಲ್ಲಿ ಯಾವ ಆಸರೆಯೂ ಇಲ್ಲ. ಅವನ ಪ್ರಾಣದ ವಿಷಯದಲ್ಲಿ ನಾನು ಪ್ರಮಾದಿಯಾದೆ. ಅಚೌರ್ಯದೊಡನೆ ಅಹಿಂಸೆಗೂ ಕುಂದು ತಂದೆ.

ಮರುದಿನ ಚಿತ್ರವನ್ನು ಅಳಿಸಿದೆ. ಬಂಧುಗಳಿಗೂ ಅಳಿಸುವಂತೆ ಹೇಳಿದೆ. ಅಷ್ಟರಲ್ಲಿ ಒಬ್ಬರು ಅದನ್ನು ಬೇರೆಡೆಗೆ ಕಳುಹಿಸಿಬಿಟ್ಟಿದ್ದರು. ತೂಕ ತಪ್ಪಿದ್ದರೆ ಗಿರಾಕಿಯನ್ನು ಕರೆದು ತುಂಬಿಕೊಡಬಹುದಿತ್ತು. ಇದನ್ನು ತುಂಬಿಕೊಡಲು ಯಾರನ್ನು ಕರೆಯಲಿ? ಪ್ರತಿಕ್ರಮಣದಲ್ಲಿ ನೆನೆದೆ; ಮೊಮ್ಮಗನೆದುರು ತಪ್ಪೊಪ್ಪಿಕೊಂಡೆ. ಈಗ ಓದುಗ ಬಂಧುಗಳೆದುರೂ ಒಪ್ಪಿಕೊಳ್ಳುತ್ತಿದ್ದೇನೆ.