ನಾನೋದಿದ ಕೆಲವು ಪುಸ್ತಕಗಳು

ಪುಸ್ತಕಗಳನ್ನು ಕುರಿತು ಅಭಿಪ್ರಾಯ ಹೇಳುವ ಅಧಿಕಾರ ಪಂಡಿತರದು, ವಿಮರ್ಶಕರದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಅಡಿಗೆಯ ರುಚಿಯನ್ನು ಹೇಳಲು ಉಂಡವನು ಬಾಣಸಿಗನೇ ಆಗಿರಬೇಕಾಗಿಲ್ಲ. ಈ ಧೈರ್ಯದಿಂದಲೇ, ಕಳೆದೊಂದು ವರ್ಷದಲ್ಲಿ ನಾನೋದಿದ ಎರಡು ಕಾದಂಬರಿಗಳನ್ನೂ ಎರಡು ಇತರ ಗ್ರಂಥಗಳನ್ನೂ ಕುರಿತು ನನಗನಿಸಿದುದನ್ನು ವಿದ್ಯಾರ್ಥಿಮಿತ್ರರ ಮುಂದಿಡುತ್ತಿದ್ದೇನೆ. ಇವು ಹೊಸ ಪುಸ್ತಕಗಳಲ್ಲ. ನಾನು ಈಗ ಓದಿದ್ದರಿಂದ ನನ್ನ ಪಾಲಿಗೆ ಹೊಸವು.

ಅಂಬರನಾಥದಲ್ಲಿ ಕುಳಿತು ಕನ್ನಡ ಓದುವವನ ಸ್ಥಿತಿ ಮೈಸೂರು, ಧಾರವಾಡಗಳಲ್ಲಿ ಓದುವವನ ಸ್ಥಿತಿಗಿಂತ ಭಿನ್ನವಾದುದು. ಅಲ್ಲಿ ಅಂಗಡಿಯ ಹಲಗೆಯೂ ಸಂತೆಯ ಮಾತೂ ಕನ್ನಡವೇ. ಇಲ್ಲಿಯಾದರೋ ಬೀದಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು. ಕನ್ನಡವು ಮನೆಯೊಳಗಿನ ಮಾತು, ಶಾಲೆಯ ಪಾಠ. ಹೀಗಾಗಿ ಕನ್ನಡ ಪುಸ್ತಕವೊಂದು ಕೈಗೆ ಬಂದೊಡನೆ ‘ಇದು ನಮ್ಮದು’ ಎಂಬ ಅಭಿಮಾನವುಕ್ಕಿ, ಓದುವ ಮೊದಲೇ ಅದನ್ನು ಹೊಗಳಿಬಿಡುವುದು ಸುಲಭ. ಇಂಥ ಹೊಗಳಿಕೆಯಿಂದ ಭಾಷೆಗೆ ಯಾವ ಉಪಕಾರವೂ ಇಲ್ಲ. ನಾವು ಬಾಳುತ್ತಿರುವ ಬಾಳನ್ನು ಮುಂದಿಟ್ಟುಕೊಂಡು ಪುಸ್ತಕವನ್ನು ಪ್ರಶ್ನಿಸಿದರೆ ಮಾತ್ರ ಅದು ನಿಜವಾಗಿ ನಮ್ಮದಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲನೆಯದು ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಕಥೆಯೆಂಬುದು ಅತ್ಯಲ್ಪ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿತಪ್ಪಿದ ನಿರೂಪಕನು ಗೋಪಾಲಯ್ಯನವರೆಂಬ ವೃದ್ಧರ ಮನೆಯನ್ನು ಸೇರಿ, ಕೆಲವು ದಿನ ಅತಿಥಿಯಾಗಿ ಉಳಿಯುತ್ತಾನೆ. ಕುಮಾರಪರ್ವತದ ಮಗ್ಗುಲಲ್ಲಿ ಕಾಡು ಕಡಿದು, ನೀರು ತಿರುಗಿಸಿ, ಅಡಕೆಯ ತೋಟವೆಬ್ಬಿಸಿದ ಆ ಮುದುಕರ ಉತ್ಸಾಹ ಓದುವವನ ರಕ್ತದಲ್ಲಿಯೂ ಹರಿಯುತ್ತದೆ. ಆದರೆ ಮನೆ ಬಿಟ್ಟುಹೋದ ಮಗ ಶಂಭು ಹಿಂದಿರುಗಿಲ್ಲ. ತಾಯಿ ಶಂಕರಮ್ಮನವರ ದುಃಖವನ್ನು ಕಾರಂತರು ಅಳುವಿನಿಂದಲ್ಲದೆ, ಬಂದ ಅತಿಥಿಗೆ ಬಡಿಸುವ ಆದರದಿಂದಲೇ ತೋರಿಸುತ್ತಾರೆ. ಇದು ದೊಡ್ಡ ಕಲೆಗಾರಿಕೆ.

ಇಷ್ಟು ಮೆಚ್ಚಿದ ಮೇಲೆಯೂ ನನ್ನದೊಂದು ಆಕ್ಷೇಪಣೆಯಿದೆ. ನಮ್ಮ ಹಿರಿಯರು ದಕ್ಷಿಣ ಕನ್ನಡದಿಂದಲೋ ಕಲಬುರಗಿ, ವಿಜಯಪುರಗಳ ಕಡೆಯಿಂದಲೋ ಹೊಲಮನೆ ಬಿಟ್ಟು ಈ ಕಾರಖಾನೆಗಳ ಊರಿಗೆ ಬಂದವರು. ಎಂದರೆ ನಾವು ಗೋಪಾಲಯ್ಯನವರ ಸಂತತಿಯಲ್ಲ, ಶಂಭುವಿನ ಸಂತತಿ. ಆ ಶಂಭುವಿಗೆ ಕಾದಂಬರಿಯಲ್ಲಿ ಬಾಯಿಯಿಲ್ಲ. ಹೋದವನು ಏಕೆ ಹೋದ, ಹೋದಲ್ಲಿ ಏನಾದ ಎಂಬುದನ್ನು ಉಳಿದವರ ನೋವಿನಿಂದ ಮಾತ್ರ ಊಹಿಸಬೇಕು. ನಮ್ಮಲ್ಲಿ ಊರು ಬಿಟ್ಟವನೆಂದರೆ ತಪ್ಪಿತಸ್ಥನೆಂಬ ಭಾವ ಸುಲಭವಾಗಿ ಹುಟ್ಟುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಮಕ್ಕಳು ಆ ಭಾವವನ್ನು ಪ್ರಶ್ನಿಸದೆ ಒಪ್ಪಬೇಕಾಗಿಲ್ಲ.

ಊರು ಬಿಟ್ಟವನ ಬಾಯಿಂದಲೇ ಕೇಳಬೇಕೆಂದರೆ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ತೆರೆಯಬೇಕು. ಇದು 1979ರಲ್ಲಿ ಬಂದ ಕೃತಿ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ಮುಂಬಯಿಯಲ್ಲಿ ರಸಾಯನ ಉದ್ಯಮದಲ್ಲಿ ದುಡಿದವರು. ಅವರ ನಾಯಕ ನಾಗಪ್ಪನೂ ಮುಂಬಯಿಯ ಅಂಥದೇ ಕಂಪನಿಯೊಂದರ ಅಧಿಕಾರಿ. ಒಂದು ದಿನ ಕಾರಣ ಸ್ಪಷ್ಟವಾಗದಂತೆ ಅವನನ್ನು ಕೆಲಸದಿಂದ ಅಮಾನತುಗೊಳಿಸುತ್ತಾರೆ. ಬೇಟೆಯಾಡುವವರು ಯಾರು, ಬೇಟೆಯ ಮೃಗ ಯಾರು ಎಂಬ ಭಯವೇ ಮುಂದಿನ ಕಥೆ. ಕಾರಖಾನೆಯ ಸೈರನ್ ಕೇಳಿ ಬೆಳೆದ ನಮಗೆ ಕೆಲಸ ಹೋದ ಮನೆಯ ಮೌನ ತಿಳಿಯದ ವಿಷಯವಲ್ಲ. ಆ ಮೌನಕ್ಕೆ ಕನ್ನಡದಲ್ಲಿ ಮಾತು ಸಿಕ್ಕಿತೆಂಬುದೇ ಈ ಪುಸ್ತಕದ ಹಿರಿಮೆ.

ಆದರೂ ನಾಗಪ್ಪನ ಒಳಮಾತು ಅನೇಕ ಕಡೆ ಅತಿಯಾಯಿತೆಂದು ನನಗೆ ತೋರಿತು. ಒಂದೇ ಸಂಶಯವು ಹತ್ತು ಸಲ ಸುತ್ತಿ ಬರುವಾಗ ಓದುವವನಿಗೆ ಆಯಾಸವಾಗುತ್ತದೆ. ಶಾಲೆಯಲ್ಲಿರುವಾಗಲೇ ಇದನ್ನು ಓದಿರೆಂದು ನಾನು ಹೇಳಲಾರೆ; ದುಡಿಯಲು ತೊಡಗಿದ ಮೇಲೆ ತಪ್ಪದೆ ಓದಿರಿ.

ಇನ್ನು ಕಾದಂಬರಿಯಲ್ಲದ ಗ್ರಂಥಗಳು. ಶಂ. ಬಾ. ಜೋಶಿಯವರ ‘ಕಣ್ಮರೆಯಾದ ಕನ್ನಡ’ ಮಹಾರಾಷ್ಟ್ರದಲ್ಲಿ ಅಡಗಿರುವ ಕನ್ನಡದ ಗುರುತುಗಳನ್ನು ಹುಡುಕುವ ಗ್ರಂಥ. ಧಾರವಾಡದಲ್ಲಿ ಶಾಲಾಮಾಸ್ತರರಾಗಿದ್ದುಕೊಂಡೇ ಇಂಥ ಸಂಶೋಧನೆ ನಡೆಸಿದ ಅವರಿಗೆ ಮುಂದೆ, 1970ರಲ್ಲಿ, ಬೇರೊಂದು ಗ್ರಂಥಕ್ಕಾಗಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಅದನ್ನು ಓದಿದ ಮೇಲೆ ನಮ್ಮೂರ ಶಿವಾಲಯವನ್ನೇ ನಾನು ಬೇರೆ ಕಣ್ಣಿನಿಂದ ನೋಡಿದೆನು. ವಾಲಧುನಿಯ ದಡದ ಆ ದೇವಾಲಯದ ಶಾಸನ ಶಕ 982ರದು, ಎಂದರೆ ಕ್ರಿ.ಶ. 1060ರದು. ಕಟ್ಟಿಸಿದವರು ಶಿಲಾಹಾರ ಅರಸರು. ಇವರ ಪೂರ್ವಿಕರು ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟರಿಗೆ ಸಾಮಂತರಾಗಿದ್ದರು. ಬೊರಿವಲಿಯ ಬಳಿಯ ಕಾನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ವು ರಚಿತವಾದದ್ದು ಈ ಅಮೋಘವರ್ಷನ ಆಸ್ಥಾನದಲ್ಲಿಯೇ.

ಇದನ್ನೋದಿ ‘ಈ ನೆಲ ನಮ್ಮದಾಗಿತ್ತು’ ಎಂದು ಎದೆಯುಬ್ಬಿಸುವುದು ಸರಿಯೆಂದು ನನಗೆ ತೋರುವುದಿಲ್ಲ. ಊರ ಹೆಸರುಗಳ ಮೂಲವನ್ನು ಬಿಡಿಸುವಾಗ ಗ್ರಂಥಕರ್ತರ ಉತ್ಸಾಹ ಕೆಲವೆಡೆ ಆಧಾರಕ್ಕಿಂತ ಮುಂದೆ ಓಡಿದೆಯೆಂದೂ ನನ್ನ ಅನಿಸಿಕೆ. ಗ್ರಂಥದಿಂದ ನಾನು ಪಡೆದ ತಿಳಿವು ಬೇರೆ: ಎರಡು ಭಾಷೆಗಳು ಸಾವಿರ ವರ್ಷ ಒಂದೇ ಅಂಗಳದಲ್ಲಿ ಬಾಳಿವೆ. ನೆರೆಮನೆಯ ಮರಾಠಿ ಗೆಳೆಯನಿಗೂ ಈ ಕಥೆಯನ್ನು ಸಂಕೋಚವಿಲ್ಲದೆ ಹೇಳಬಹುದು.

ಕೊನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’. ತಂದೆ ಕುವೆಂಪು ಅವರನ್ನು ಮಕ್ಕಳು ‘ಅಣ್ಣ’ನೆಂದೇ ಕರೆಯುತ್ತಿದ್ದರು. ಪಠ್ಯಪುಸ್ತಕದಲ್ಲಿ ಗಂಭೀರವಾಗಿ ಕುಳಿತ ಮಹಾಕವಿಯು ಇಲ್ಲಿ ಮೈಸೂರಿನ ‘ಉದಯರವಿ’ ಮನೆಯ ತಂದೆಯಾಗಿ ಓಡಾಡುತ್ತಾರೆ. ಹಾಸ್ಯವಿದೆ, ಭಕ್ತಿಯ ಆಡಂಬರವಿಲ್ಲ. ಮಧ್ಯದಲ್ಲಿ ತೇಜಸ್ವಿಯವರು ತಮ್ಮ ಕಥೆಯನ್ನೇ ಹೆಚ್ಚು ಹೇಳಿಕೊಂಡರೆಂದು ಕೆಲವರು ಮುನಿಯಬಹುದು. ನನಗಂತೂ ಅದೇ ಹಿತವಾಯಿತು. ಎಲ್ಲಿಂದ ಓದಲಾರಂಭಿಸಲೆಂದು ಕೇಳುವವರು ಇಲ್ಲಿಂದಲೇ ಆರಂಭಿಸಲಿ.

ವಿದ್ಯಾರ್ಥಿಮಿತ್ರರೆ, ಹತ್ತನೆಯ ತರಗತಿಯೊಡನೆ ನಿಮ್ಮಲ್ಲಿ ಬಹುಮಂದಿಗೆ ಕನ್ನಡದ ಪಾಠ ಮುಗಿಯುತ್ತದೆ. ಕಾಲೇಜಿನ ಮಾತು ಬೇರೆ, ಉದ್ಯೋಗದ ಮಾತು ಬೇರೆ. ಅಂಕಗಳಿಗಾಗಿ ಓದುವ ಕನ್ನಡ ಅಲ್ಲಿಗೆ ನಿಲ್ಲುತ್ತದೆ. ಅನಂತರ ಉಳಿಯುವುದು ಇಷ್ಟಪಟ್ಟು ಓದುವ ಕನ್ನಡವೊಂದೇ. ಮಾತನಾಡಿಸದ ನೆಂಟ ದೂರವಾಗುವಂತೆ, ಅಭಿಪ್ರಾಯಪಡದ ಓದೂ ಬೇಗನೆ ದೂರವಾಗುತ್ತದೆ. ಆದುದರಿಂದ ಪುಸ್ತಕವೊಂದನ್ನು ಮುಗಿಸಿದಾಗ ವಹಿಯಲ್ಲಿ ನಾಲ್ಕು ಸಾಲು ಬರೆದಿಡಿರಿ: ಏನು ಮೆಚ್ಚಿತು, ಏನು ಮೆಚ್ಚಲಿಲ್ಲ, ಏಕೆ. ಮೇಲೆ ನಾನು ಹೇಳಿದ ಒಂದೊಂದು ಮಾತನ್ನೂ ನೀವು ಅಲ್ಲಗಳೆಯಬಹುದು. ಆ ನಾಲ್ಕು ಪುಸ್ತಕಗಳನ್ನು ಓದಿ, ನನ್ನೊಡನೆ ಜಗಳವಾಡಿದರೆ ಅದಕ್ಕಿಂತ ಹೆಚ್ಚಿನ ಸಂತೋಷ ನನಗಿಲ್ಲ.