ಕನ್ನಡಿ ಇಲ್ದ ಕ್ಯಾಮರಾದಾಗ ಮಾರಿ ಹ್ಯಾಂಗ ನೋಡ್ತಿ?

ನಾಯಕನ ಮೊದಲ ಕ್ಲೋಸಪ್ ಬಂದಾಗ ನೀವು ಶಿಳ್ಳೆ ಹೊಡೆಯುತ್ತೀರಿ. ನಾನು ಮಾತ್ರ ಬೆಳಕು ಯಾವ ಕಡೆಯಿಂದ ಬಿತ್ತು ಅಂತ ನೋಡುತ್ತ ಕೂತಿರುತ್ತೇನೆ! ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನ ಹಣೆಬರಹವೇ ಅದು.

ನನ್ನೂರು ಹವಳಗಾ, ಅಫಜಲಪುರ ತಾಲೂಕು. ಮೊದಲು ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಅದರ ಬೆನ್ನಿಗೆ ಮದುವೆಗಳ ಸಾಲು. ಒಂಬತ್ತು ವರ್ಷದಿಂದ ನನ್ನ ಕೊರಳಲ್ಲಿ ನಿಕಾನ್ ಡಿ750. ಮಾಡೆಲ್ ಬಂದದ್ದು 2014ರಲ್ಲಿ, ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಅದರ ಶಟರನ್ನು ಕಂಪನಿ ಪರೀಕ್ಷಿಸಿದ್ದು 1,50,000 ಹೊಡೆತಕ್ಕೆ. ನನ್ನದು ಎರಡು ಲಕ್ಷ ದಾಟಿದೆ. ಹೋದ ತಿಂಗಳು ಕಲಬುರಗಿಯ ರಿಪೇರಿ ಹುಡುಗ ಕಿವಿಗೆ ಹಿಡಿದು ನೋಡಿ, "ಅಣ್ಣಾ, ಇದು ಇವತ್ತ ಹೋದ್ರೂ ಹೋತು, ಮುಂದಿನ ವರ್ಷ ಹೋದ್ರೂ ಹೋತು" ಅಂದುಬಿಟ್ಟ. ಅಕ್ಕಿಕಾಳು ಬೀಳುವ ಹೊತ್ತಿಗೇ ಹೋದರೆ? ಎರಡನೇ ಸಲ ತಾಳಿ ಕಟ್ಟಿಸಲಿಕ್ಕೆ ಆಗುತ್ತದೆಯೇ ಮಿತ್ರರೇ!

ಅಂದಿನಿಂದ ತಲೆಯಲ್ಲಿ ಒಂದೇ ಹುಳ. ಮಿರರ್‌ಲೆಸ್ಸಿಗೆ ಹೋಗಲೋ, ಬೇಡವೋ? 2020ರ ಡಿ6, ಡಿ780 ಆದ ಮೇಲೆ ನಿಕಾನ್ ಹೊಸ ಕನ್ನಡಿ ಕ್ಯಾಮರಾ ತಂದೇ ಇಲ್ಲ. ಕೂಡಿಟ್ಟ ಹಣ ಒಂದು ಲಕ್ಷದ ಮೇಲೆ ಸ್ವಲ್ಪ ಇದೆ. ಆದರೆ ಅದರೊಳಗೇ ತಂಗಿಯ ನರ್ಸಿಂಗ್ ಕಾಲೇಜಿನ ಫೀ ಕೂತಿದೆ!

ಅಪ್ಪನಿಗೆ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತ, "ಕನ್ನಡಿ ಇಲ್ದ ಕ್ಯಾಮರಾದಾಗ ಮಾರಿ ಹ್ಯಾಂಗ ನೋಡ್ತಿ?" ಅಂದ.

ನಕ್ಕೆ. ಆದರೆ ಪ್ರಶ್ನೆ ಸಣ್ಣದಲ್ಲ. ನನ್ನ ಕ್ಯಾಮರಾದಲ್ಲಿ ಲೆನ್ಸಿನ ಬೆಳಕು ಕನ್ನಡಿಗೆ ಬಡಿದು ಮೇಲೇರಿ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಎದ್ದುಬಿಡುತ್ತದೆ, ಕಣ್ಣಿಗೆ ಕತ್ತಲೆ. ಅಂದರೆ ಯಾವ ಕ್ಷಣದ ಫೋಟೋ ಬಿತ್ತೋ ಆ ಕ್ಷಣವನ್ನು ನಾನು ನೋಡಿಯೇ ಇರುವುದಿಲ್ಲ! ಸಿನಿಮಾದವರಿಗೂ ಇದು ಹೊಸದಲ್ಲ. 1937ರಲ್ಲಿ ಬಂದ ಆರಿಫ್ಲೆಕ್ಸ್ ಕ್ಯಾಮರಾದಲ್ಲಿ ತಿರುಗುವ ಕನ್ನಡಿಯೇ ಶಟರ್. ಕನ್ನಡಿ ಅಂದ ಕೂಡಲೇ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ನೆನಪಾಗುತ್ತಾರೆ. 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಸೂರ್ಯನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಗೆ ಎಳೆತಂದ ಭೂಪ! ನನ್ನದೋ, ಹೆಬ್ಬೆಟ್ಟಿನಷ್ಟು ಕನ್ನಡಿ. ಅದಕ್ಕೇ ಇಷ್ಟು ಯೋಚನೆ.

ಕೊನೆಗೆ ಕಲಬುರಗಿಯಿಂದ ಒಂದು ಝಡ್6 ಬಾಡಿಗೆಗೆ ತಂದೆ. ಗಾಣಗಾಪುರದಲ್ಲಿ ಮದುವೆ, ಗುಲಾಬಿ ಬಟ್ಟೆಯ ಶಾಮಿಯಾನ. ಮದುಮಗಳ ಮುಖವೆಲ್ಲ ಗುಲಾಬಿ ಆಗುವುದು ಒತ್ತುವ ಮೊದಲೇ ಒಳಗಿನ ಪುಟ್ಟ ಪರದೆಯಲ್ಲಿ ಕಂಡಿತು, ಅಲ್ಲೇ ಸರಿಮಾಡಿದೆ. ಫೋಕಸ್ಸು ಮುಖ ಹುಡುಕಿಕೊಂಡು ತಾನೇ ಹೋಗುತ್ತದೆ. ಶಬ್ದವಿಲ್ಲ! ಹುಡುಗಿಯ ತಾಯಿ ಕಂಬದ ಮರೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾಲ್ಕು ಮಾರು ದೂರದಿಂದ ಹಿಡಿದೆ, ಆಕೆ ತಿರುಗಲೂ ಇಲ್ಲ. ನನ್ನ 'ಖಟಕ್' ಆಗಿದ್ದರೆ ಖಂಡಿತ ತಿರುಗುತ್ತಿದ್ದಳು.

ಸೋತೆ ಅಂದುಕೊಂಡಿರಾ? ತಾಳಿ. ಸಂಜೆ ಆರತಕ್ಷತೆಯಲ್ಲಿ ಅದೇ ಸದ್ದಿಲ್ಲದ ಶಟರು ಎಲ್‌ಇಡಿ ದೀಪದ ಕೆಳಗೆ ಫೋಟೋ ತುಂಬ ಅಡ್ಡಪಟ್ಟೆ ಎಳೆಯಿತು. ಮತ್ತೆ ಸದ್ದಿನ ಶಟರಿಗೇ ಬಂದೆ. ಬ್ಯಾಟರಿಯ ಕತೆ ಬೇರೆ. ಪರೀಕ್ಷೆಯ ಲೆಕ್ಕದಲ್ಲಿ ನನ್ನ ಹಳೆಯದು ಒಂದು ಚಾರ್ಜಿಗೆ 1230 ಫೋಟೋ, ಇದು 310. ಬೆಳಿಗ್ಗೆ ಅರಿಷಿಣದಿಂದ ರಾತ್ರಿ ಮೆರವಣಿಗೆವರೆಗೆ, ಕರೆಂಟು ಹೋದ ಊರಿನಲ್ಲಿ? ಇನ್ನು ಲೆನ್ಸ್ ಬಿಚ್ಚಿದರೆ ಸೆನ್ಸರು ಬರಿ ಮೈಯಲ್ಲಿ ನಿಂತಿರುತ್ತದೆ. ನಮ್ಮ ಧೂಳು ಕೇಳಬೇಕೇ!

ಇದೆಲ್ಲ ಹಾಗಿರಲಿ. ಎದೆಗೆ ತಾಗಿದ್ದು ಬೇರೆ. ನನ್ನಲ್ಲೊಂದು ಹಳೆಯ 50 ಎಂಎಂ ಎಎಫ್-ಡಿ ಲೆನ್ಸ್ ಇದೆ. ಮೊದಲ ಸೀಸನ್ನಿನ ದುಡ್ಡಿನಲ್ಲಿ ಕೊಂಡದ್ದು. ಅದರೊಳಗೆ ಮೋಟಾರಿಲ್ಲ, ಡಿ750ಯ ಮೋಟಾರೇ ಅದನ್ನು ತಿರುಗಿಸುವುದು. ನಾನು ತಂದ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಮೋಟಾರಿಲ್ಲ. ಹಾಕಿದರೆ ಫೋಕಸ್ಸು ಕೈಯಿಂದಲೇ. ಅವ್ವ ಜೋಳದ ರೊಟ್ಟಿ ಬಡಿಯುತ್ತ ಒಮ್ಮೆ ತಲೆಯೆತ್ತಿ ನೋಡಿದ ಫೋಟೋ ಈ ಲೆನ್ಸಿನದು. ಈಗ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಿಂತಿದೆ. ಆ ಲೆನ್ಸನ್ನು ಅರ್ಧ ಬೆಲೆಗೆ ಕೇಳಿದವನಿಗೆ ನಾನು ಉತ್ತರವನ್ನೇ ಕೊಡಲಿಲ್ಲ.

ಬಾಡಿಗೆ ಕ್ಯಾಮರಾ ತಿರುಗಿ ಕೊಡುವ ಮೊದಲು ಅಪ್ಪನ ಕೈಗಿಟ್ಟೆ. ಕಣ್ಣಿಗೆ ಹಚ್ಚಿ ಮನೆಯೆಲ್ಲ ತಿರುಗಿ ನೋಡಿ, ಗೋಡೆಯ ಹತ್ತಿರ ಬಹಳ ಹೊತ್ತು ನಿಂತ. "ಚೊಲೋ ಕಾಣ್ತದ. ಟಿವಿಯಾಗ ಕಂಡಂಗ" ಅಂದ. ಮೆಚ್ಚಿದನೋ ಬಯ್ದನೋ, ಇವತ್ತಿಗೂ ತಿಳಿದಿಲ್ಲ!

ತಂಗಿಯ ಫೀ ಕಟ್ಟಿ ಬಂದೆ. ಡಿ750ಗೆ ಹೊಸ ಶಟರು ಹಾಕಲಿಕ್ಕೆ ಕೊಟ್ಟಿದ್ದೇನೆ. ಹೊಸ ಬಾಡಿಯ ಲೆಕ್ಕದಲ್ಲಿ ಅದರ ಖರ್ಚು ಏನೇನೂ ಅಲ್ಲ. ದೊಡ್ಡ ಮದುವೆ ಒಪ್ಪಿಕೊಂಡರೆ ಝಡ್6 ಬಾಡಿಗೆಗೆ ಸಿಗುತ್ತದೆ. ಬರುವ ಕಬ್ಬಿನ ಹಂಗಾಮು ಮುಗಿದ ಮೇಲೆ ಮತ್ತೆ ಲೆಕ್ಕ ಹಾಕಬೇಕು. ಸೋಮವಾರ ಕ್ಯಾಮರಾ ಕೈಗೆ ಬರುತ್ತದಂತೆ. ಬುಧವಾರ ಅಫಜಲಪುರದಲ್ಲಿ ಮದುವೆ.